ನಕ್ಷೆಗೆ ಐದಕ್ಕೆ ಐದು, ನೆಟ್ಟ ಗಿಡಕ್ಕೆ ಎರಡು

ನಮ್ಮದು ಹಳ್ಳಿ ಅಂಚಿನಲ್ಲಿರುವ 14 ಮನೆಗಳ ಸಣ್ಣ ಲೇಔಟ್. ಇಲ್ಲಿ ಮನೆ ಕಟ್ಟಲು ಬರೀ ಮನೆಯ ನಕ್ಷೆ ಕೊಟ್ಟರೆ ಸಾಲದು. ಎಷ್ಟು ಜಾಗ ಖಾಲಿ ಬಿಡುತ್ತೀರಿ, ಎಲ್ಲಿ ಯಾವ ಗಿಡ ಹಾಕುತ್ತೀರಿ, ಮಳೆ ನೀರು ಎಲ್ಲಿಗೆ ಹೋಗುತ್ತದೆ ಅಂತ ತೋರಿಸುವ ಇನ್ನೊಂದು ನಕ್ಷೆಯೂ ಬೇಕು. ಅದಕ್ಕೆ ಒಂದು ಲ್ಯಾಂಡ್‌ಸ್ಕೇಪ್ ಕಂಪನಿಯವರನ್ನು ಹಿಡಿದೆವು. ನಕ್ಷೆ ಬರೆಯುವುದು, ಮಂಜೂರು ಮಾಡಿಸುವುದು, ನೆಡುವುದು, 2 ವರ್ಷ ನೋಡಿಕೊಳ್ಳುವುದು, ಎಲ್ಲ ಅವರದ್ದೇ. ಆ 2 ವರ್ಷ ಈಗಷ್ಟೇ ಮುಗಿಯಿತು. ಹೆಸರು ಹೇಳುವುದಿಲ್ಲ, ಆದರೆ ಇಂಥ ಕೆಲಸಕ್ಕೆ ಯಾರನ್ನಾದರೂ ಹುಡುಕುತ್ತಿದ್ದರೆ ಇದನ್ನು ಓದಿ.

ನಕ್ಷೆ ನಿಜಕ್ಕೂ ಚೆನ್ನಾಗಿತ್ತು. ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಮೊದಲು ಸೈಟುಗಳ ಗೆರೆ ಎಳೆದು, ರಸ್ತೆ ಹಾಕಿ, ಕೊನೆಗೆ ಮೂಲೆಯಲ್ಲಿ ಉಳಿದ ಮುಕ್ಕೋನದ ತುಂಡಿಗೆ ಪಾರ್ಕ್ ಅಂತ ಹೆಸರಿಡುತ್ತಾರೆ. ಇವರು ಉಲ್ಟಾ ಮಾಡಿದರು. ಮೊದಲು ಜಾಗ ಸುತ್ತಾಡಿ ದೊಡ್ಡ ಮರ, ಹಳ್ಳ, ನೀರು ನಿಲ್ಲುವ ತಗ್ಗು ಎಲ್ಲ ಗುರುತು ಮಾಡಿಕೊಂಡರು. ಅದನ್ನು ಬಿಟ್ಟು ಮನೆ, ಆಮೇಲೆ ರಸ್ತೆ, ಕೊನೆಗೆ ಸೈಟಿನ ಗೆರೆ. ಅಮೆರಿಕದ ಪ್ಲಾನರ್ ರ‍್ಯಾಂಡಲ್ ಅರೆಂಟ್ ಬಳಕೆಗೆ ತಂದ ಕ್ರಮವಂತೆ ಇದು. ಮನೆಗಳನ್ನು ಒತ್ತೊತ್ತಾಗಿ ಒಂದು ಕಡೆ ಇಟ್ಟು, ಅರ್ಧ ಜಮೀನು ಒಂದೇ ತುಂಡಾಗಿ ಉಳಿಯಿತು. ಸೈಟು ಚಿಕ್ಕದಾಯಿತು ಅಂತ ಮೊದಲು ನಮ್ಮಲ್ಲೇ ಗೊಣಗಾಟ ಇತ್ತು, ಈಗ ಸಂಜೆ ಹೊತ್ತು ಎಲ್ಲರೂ ಅಲ್ಲೇ ಇರುತ್ತಾರೆ.

ಇನ್ನೊಂದು ಮೆಚ್ಚುಗೆ. ಖಾಲಿ ಜಾಗದ ಲೆಕ್ಕದಲ್ಲಿ ಇವರು ಆಟ ಆಡಲಿಲ್ಲ. ರಸ್ತೆ ಬದಿಯ ಪಟ್ಟಿ, ಕಾಲಿಡಲಾಗದ ಇಳಿಜಾರು, ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಜಾಗ, ಇದನ್ನೆಲ್ಲ ಸೇರಿಸಿ ಶೇಕಡಾ ತೋರಿಸುವವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ನಕ್ಷೆ ಬಂದಾಗ ಮೊದಲು ಅದನ್ನೇ ಕೇಳಿ, ಆ ಹಸಿರು ಬಣ್ಣದಲ್ಲಿ ಮಕ್ಕಳು ಓಡಾಡಬಹುದಾದ ಜಾಗ ಎಷ್ಟು ಅಂತ.

ಮಳೆ ನೀರಿನ ಕೆಲಸವೂ ಪಾಸ್. 100 ಚದರ ಮೀಟರ್ ಚಾವಣಿ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 2,500 ಲೀಟರ್ ನೀರು, ಹದಿನಾಲ್ಕು ಮನೆಗೆ ಎಷ್ಟಾಯಿತು ನೋಡಿ. ಅದನ್ನು ಪೈಪಿನಲ್ಲಿ ಹೊರಗೆ ದೂಡದೆ, ಹುಲ್ಲು ಬೆಳೆಸಿದ ಅಗಲವಾದ, ಆಳವಿಲ್ಲದ ಕಾಲುವೆಗೆ ಬಿಟ್ಟಿದ್ದಾರೆ. ಜೋರು ಮಳೆ ಬಂದ ಮಾರನೇ ದಿನದ ಹೊತ್ತಿಗೆ ಇಂಗಿರುತ್ತದೆ.

ಹಳವಂಡ ಶುರುವಾಗಿದ್ದು ನೆಡುವಾಗ. ನಕ್ಷೆ ಬರೆದವರು ಬೇರೆ, ಗುಂಡಿ ತೋಡಿದವರು ಬೇರೆ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದಂತೆ ಕಾಣಲಿಲ್ಲ. ನಕ್ಷೆಯಲ್ಲಿ 60 ಗಿಡ, ಒಂದೇ ಜಾತಿಯದು 6ಕ್ಕಿಂತ ಜಾಸ್ತಿ ಇಲ್ಲ. ಫ್ರಾಂಕ್ ಸಾಂಟಮೂರ್ ಅನ್ನುವ ವಿಜ್ಞಾನಿ 1990ರಲ್ಲಿ ಹೇಳಿದ ಲೆಕ್ಕ ಅದು, ಒಂದೇ ಜಾತಿ ಶೇಕಡಾ 10 ದಾಟಬಾರದು, ಯಾಕಂದರೆ ಒಂದು ರೋಗ ಬಂದರೆ ಎಲ್ಲ ಒಟ್ಟಿಗೆ ಹೋಗುತ್ತವೆ. ಲಾರಿಯಲ್ಲಿ ಇಳಿದಿದ್ದು ಒಂದೇ ಜಾತಿಯ 22 ಸಸಿ. ಕೇಳಿದರೆ "ನರ್ಸರಿಯಲ್ಲಿ ಸ್ಟಾಕ್ ಇದೇ ಇತ್ತು ಸರ್." ಮಂಜೂರಾದ ಪಟ್ಟಿ ಬದಲಿಸಬೇಕಾದರೆ ಮತ್ತೆ ಅನುಮತಿ ಬೇಕು ಅಂತ ನಾವೇ ನೆನಪಿಸಬೇಕಾಯಿತು.

ಗುಂಡಿಗಳೂ ಹಾಗೇ. ಬೇರಿನ ಮಣ್ಣುಂಡೆಯ ಎರಡು ಮೂರು ಪಟ್ಟು ಅಗಲ ಇರಬೇಕು, ಆಳ ಮಾತ್ರ ಉಂಡೆಯಷ್ಟೇ ಸಾಕು. ಇವರದ್ದು ಬಾವಿ ಥರ, ಕಿರಿದು, ಆಳ. ಬುಡ ಮುಚ್ಚುವಷ್ಟು ಮಣ್ಣು ತುಂಬಿ, ಅದರ ಮೇಲೆ ಒಣ ಎಲೆಯ ರಾಶಿಯನ್ನು ಕಾಂಡಕ್ಕೆ ಒರಗಿಸಿ ಹೋದರು. ಕಾಂಡ ಕೊಳೆಯದೆ ಇನ್ನೇನಾಗುತ್ತದೆ?

ಇವೆಲ್ಲ ಹೋಗಲಿ, ಸಸಿ ಮತ್ತೆ ತರಬಹುದು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಹಳೆ ಮರದ ವಿಷಯ. ನಕ್ಷೆಯಲ್ಲಿ ಅದಕ್ಕೆ 'ಉಳಿಸಬೇಕಾದ ಮರ' ಅಂತ ಗುರುತಿತ್ತು, ಅದನ್ನು ತೋರಿಸಿಯೇ ಮಂಜೂರಾತಿ ಸಿಕ್ಕಿದ್ದು. ಕಾಂಡದ ದಪ್ಪ ಸುಮಾರು 50 ಸೆಂಟಿಮೀಟರ್. ದಪ್ಪದ 12 ಪಟ್ಟು ದೂರದವರೆಗೆ ಬೇರು ಕಾಯಬೇಕು ಅನ್ನುವುದು ಈ ಕೆಲಸ ಮಾಡುವವರ ಅಂದಾಜು ಲೆಕ್ಕ, ಅಂದರೆ ಸುತ್ತ 6 ಮೀಟರ್ ಬೇಲಿ. ಇವರು ಕಾಂಡದಿಂದ ಒಂದೂವರೆ ಮೀಟರಿಗೆ ಬೇಲಿ ಹಾಕಿ ಕೈತೊಳೆದುಕೊಂಡರು. ಅದರಾಚೆಯೇ ಜೆಸಿಬಿ ಓಡಾಡಿತು, ಜಲ್ಲಿ ರಾಶಿ ಹಾಕಿದರು. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ ಇರುತ್ತವೆ, ಆ ಮಣ್ಣು ಗಾರೆ ನೆಲದ ಹಾಗೆ ಗಟ್ಟಿಯಾಯಿತು. ಒಂದೇ ಒಂದು ಕೊಂಬೆ ಕಡಿಯಲಿಲ್ಲ. ಮೊದಲ ವರ್ಷ ಮರ ಹಸಿರಾಗಿಯೇ ಇತ್ತು, ನಾವೂ ಸುಮ್ಮನಿದ್ದೆವು. ಎರಡನೇ ವರ್ಷ ತುದಿಯಿಂದ ಒಣಗುತ್ತಾ ಬಂತು. ಕಂಪನಿಯವರು "ವಯಸ್ಸಾಗಿತ್ತು" ಅಂದರು. ನಿಯಮದಲ್ಲಿ ಬೇಲಿ ಹಾಕಬೇಕು ಅಂತ ಇತ್ತು, ಎಷ್ಟು ದೂರ ಅಂತ ಇರಲಿಲ್ಲ, ಅಲ್ಲಿಗೆ ಜಗಳ ಮುಗಿಯಿತು. ನೀವು ಮಾಡಿಸುವಾಗ ದೂರವನ್ನು ಮೀಟರಿನಲ್ಲಿ ಕರಾರಿನಲ್ಲೇ ಬರೆಸಿ, ಬೇಲಿ ನಿಂತ ಮೇಲಷ್ಟೇ ಜೆಸಿಬಿ ಒಳಗೆ ಬಿಡಿ.

ನೋಡಿಕೊಳ್ಳುವ ಕೆಲಸಕ್ಕೆ ಭದ್ರತೆ ಅಂತ ಸ್ಥಳೀಯ ಸಂಸ್ಥೆ ಸ್ವಲ್ಪ ಹಣ ಹಿಡಿದಿಟ್ಟುಕೊಂಡಿತ್ತು. 2 ವರ್ಷ ಆದ ಮೇಲೆ ಬದುಕಿರುವ ಗಿಡ ಎಣಿಸಿ ವಾಪಸ್ ಕೊಡುತ್ತಾರೆ. ಒಳ್ಳೆ ಏರ್ಪಾಡು ಅಂದುಕೊಂಡಿದ್ದೆ. ತಪಾಸಣೆಗೆ ಒಂದು ವಾರ ಇರುವಾಗ, ತಿಂಗಳುಗಟ್ಟಲೆ ಫೋನ್ ಎತ್ತದಿದ್ದ ಕಂಪನಿಯವರು ಒಂದು ಬೆಳಿಗ್ಗೆ ಗಾಡಿ ತಂದು ನಿಲ್ಲಿಸಿದರು. ಒಣಗಿದ 19 ಕಿತ್ತು, ಹೊಸ 19 ನೆಟ್ಟು, ಮಧ್ಯಾಹ್ನದ ಹೊತ್ತಿಗೆ ಹೊರಟರು. ಎಣಿಸಲು ಬಂದವರಿಗೆ 60 ಸಿಕ್ಕಿತು, ಹಣ ಬಿಡುಗಡೆ ಆಯಿತು. ಇದನ್ನು ಅವರಿಗೆ ಹೇಳಿದೆ, "ಪಟ್ಟಿಯಲ್ಲಿ ಸಂಖ್ಯೆ ಇದೆ, ವಯಸ್ಸು ಇಲ್ಲ" ಅಂದರು.

ಹಾಗಾಗಿ ನಕ್ಷೆಗೆ ಇವರನ್ನೇ ಕರೆಯಿರಿ ಅಂತ ಈಗಲೂ ಹೇಳುತ್ತೇನೆ. ನೆಡುವುದಕ್ಕೆ ಬೇರೆಯವರನ್ನು ನೋಡಿ, ಗುಂಡಿ ತೋಡುವ ದಿನ ರಜೆ ಹಾಕಿ ಅಲ್ಲೇ ನಿಂತುಕೊಳ್ಳಿ. ಆ 19 ಹೊಸ ಗಿಡಗಳಿಗೆ ನಾವು ಕೆಂಪು ದಾರ ಕಟ್ಟಿ, ಬುಡದ ಮಣ್ಣು ಸರಿಸಿ, ಸರದಿ ಪ್ರಕಾರ ನೀರು ಹಾಕುತ್ತಿದ್ದೇವೆ. ಇವತ್ತಿಗೆ 16 ಇವೆ.