ಟೆಕ್ಸಸ್ ಮಂತ್ಲಿಯ ಆನ್‌ಲೈನ್ ಸಂಗ್ರಹ: ಗ್ಯಾರಿ ಕಾರ್ಟ್‌ರೈಟ್ ಅವರನ್ನು ಓದಲು ಒಂದು ದಾರಿ

ಅಮೆರಿಕದ ‘ಟೆಕ್ಸಸ್ ಮಂತ್ಲಿ’ ಮಾಸಪತ್ರಿಕೆ ತನ್ನ ಹಳೆಯ ಲೇಖನಗಳನ್ನು ಜಾಲತಾಣಕ್ಕೆ ಏರಿಸಿದೆ. ಇಂಥ ಸಂಗ್ರಹ ಎಷ್ಟು ಉಪಯುಕ್ತ ಎಂಬುದನ್ನು ತಿಳಿಯಲು ಒಬ್ಬನೇ ಲೇಖಕನನ್ನು ಹಿಡಿದು ಓದುವುದು ಒಳ್ಳೆಯ ಕ್ರಮವೆಂದು ತೋರಿ, ನಾನು ಗ್ಯಾರಿ ಕಾರ್ಟ್‌ರೈಟ್ ಅವರನ್ನು ಆರಿಸಿಕೊಂಡೆ. 1934ರಲ್ಲಿ ಹುಟ್ಟಿದ ಅವರು ಫೋರ್ಟ್ ವರ್ತ್‌ನಲ್ಲಿ ಪೊಲೀಸ್ ವರದಿಗಾರರಾಗಿ ಆರಂಭಿಸಿ, ಡಲ್ಲಾಸ್‌ನ ದಿನಪತ್ರಿಕೆಗಳಲ್ಲಿ ಕ್ರೀಡಾ ಬರಹಗಾರರಾಗಿ ಹೆಸರು ಮಾಡಿ, 1973ರ ಫೆಬ್ರವರಿಯಲ್ಲಿ ಈ ಮಾಸಿಕ ಹೊರಬಂದಾಗ ಅದರ ಮೊದಲ ಸಂಚಿಕೆಯಲ್ಲೇ ಬರೆದರು, ನಿವೃತ್ತರಾದದ್ದು 2010ರಲ್ಲಿ.

ಆ ಮೊದಲ ಲೇಖನ, ಪತ್ರಕರ್ತರೊಂದಿಗೆ ಮಾತನ್ನೇ ನಿಲ್ಲಿಸಿದ್ದ ಡಲ್ಲಾಸ್ ಕೌಬಾಯ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಆಟಗಾರ ಡ್ವೇನ್ ಥಾಮಸ್ ಅವರನ್ನು ಕುರಿತದ್ದು. 1975ರ ನವೆಂಬರ್‌ನಲ್ಲಿ ಅವರು ಬರೆದದ್ದು, 1963ರಲ್ಲಿ ಅಧ್ಯಕ್ಷ ಕೆನಡಿ ಹತ್ಯೆಯ ಆರೋಪಿ ಲೀ ಹಾರ್ವೆ ಆಸ್ವಾಲ್ಡ್‌ನನ್ನು ಡಲ್ಲಾಸ್‌ನಲ್ಲಿ ಕೊಂದ ಜ್ಯಾಕ್ ರೂಬಿಯ ಬಗ್ಗೆ. ಆಗ ಅಲ್ಲಿಯೇ ಕ್ರೀಡಾ ಬರಹಗಾರರಾಗಿದ್ದ ಕಾರ್ಟ್‌ರೈಟ್‌ಗೆ ರೂಬಿಯ ಪರಿಚಯವೂ ಇತ್ತು. ಹೀಗಾಗಿ ಅಪರಾಧ, ರಾಜಕಾರಣ ಎಂಬ ವಿಭಾಗಗಳ ಮೂಲಕ ಹೋಗುವುದಕ್ಕಿಂತ ಲೇಖಕರ ಹೆಸರಿನ ಪುಟದಿಂದ, ತಿಂಗಳು ನೋಡಿಕೊಂಡು ಓದುವುದು ಮೇಲು. ವಿಭಾಗಗಳು ಬೇರ್ಪಡಿಸುವುದನ್ನು ಈ ಮನುಷ್ಯ ಬೇರ್ಪಡಿಸಲಿಲ್ಲ.

1992ರ ಆಗಸ್ಟ್‌ನ ಲೇಖನದಲ್ಲಿ ಇದು ಸ್ಪಷ್ಟ. ಕೆನೆತ್ ಮೆಕ್‌ಡಫ್ 1966ರ ಕೊಲೆಗಳಿಗಾಗಿ ಮರಣದಂಡನೆಗೆ ಗುರಿಯಾಗಿ, ಆಗಿನ ಮರಣದಂಡನೆಗಳನ್ನು ಅನೂರ್ಜಿತಗೊಳಿಸಿದ 1972ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬದುಕುಳಿದು, 1989ರಲ್ಲಿ ಪೆರೋಲ್ ಮೇಲೆ ಹೊರಬಂದು ಮತ್ತೆ ಕೊಂದ. ಕೊಲೆಗಾರನ ಮನಸ್ಸನ್ನು ಬಗೆಯುವುದು ಸುಲಭದ ದಾರಿಯಾಗಿತ್ತು. ಅವನನ್ನು ಹೊರಗೆ ಬಿಟ್ಟ ವ್ಯವಸ್ಥೆಯ ಬೆನ್ನು ಹತ್ತಿದರು ಕಾರ್ಟ್‌ರೈಟ್.

ಹಳೆಯ ಲೇಖನಗಳ ಪಠ್ಯವನ್ನು ಚರಿತ್ರೆಯ ದಾಖಲೆಯಾಗಿ ಉಳಿಸಲು ಅಚ್ಚಾದಂತೆಯೇ ಬಿಟ್ಟಿದ್ದೇವೆ ಎಂಬ ಟಿಪ್ಪಣಿ ತಾಣದಲ್ಲಿದೆ. ನನ್ನ ಮಟ್ಟಿಗೆ ಈ ಸೇವೆಯ ದೊಡ್ಡ ಗುಣ ಇದೇ. ಆಸ್ಟಿನ್‌ನಲ್ಲಿ ಶಿಶುಪಾಲನಾ ಕೇಂದ್ರ ನಡೆಸುತ್ತಿದ್ದ ದಂಪತಿಗೆ, ಮಕ್ಕಳ ಮೇಲಿನ ದೌರ್ಜನ್ಯದ ಆರೋಪದಲ್ಲಿ 48 ವರ್ಷಗಳ ಸೆರೆಯಾಗಿ ಇನ್ನೂ ಎರಡು ವರ್ಷ ತುಂಬದಿದ್ದಾಗ, 1994ರ ಏಪ್ರಿಲ್‌ನಲ್ಲಿ ಕಾರ್ಟ್‌ರೈಟ್ ಆ ತೀರ್ಪನ್ನು ಅನುಮಾನಿಸಿ ಬರೆದರು. ಊರೆಲ್ಲ ಒಂದು ಮಾತನ್ನು ನಂಬಿದ್ದ ಕಾಲದಲ್ಲಿ ಆ ಅನುಮಾನಕ್ಕೆ ಎಷ್ಟು ಎಚ್ಚರದ ಭಾಷೆ ಬೇಕಾಗಿತ್ತು ಎಂಬುದು ತಿದ್ದದ ಪಠ್ಯದಲ್ಲಿ ಮಾತ್ರ ಕಾಣಲು ಸಾಧ್ಯ. ಆದರೆ ಇದೇ ನೀತಿಯಿಂದಾಗಿ, ದಂಪತಿ 2013ರಲ್ಲಿ ಬಿಡುಗಡೆಯಾದದ್ದನ್ನಾಗಲಿ, 2017ರ ಜೂನ್‌ನಲ್ಲಿ ನಿರಪರಾಧಿಗಳೆಂದು ಘೋಷಿತರಾದದ್ದನ್ನಾಗಲಿ ಆ ಪಠ್ಯ ಹೇಳಲಾರದು, ಓದುಗರೇ ಹುಡುಕಿಕೊಳ್ಳಬೇಕು. (ಕಾರ್ಟ್‌ರೈಟ್ ಅದೇ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು.)

ಕೊರತೆಯೆಂದರೆ ಮುದ್ರಿತ ಪುಟದ ನೋಟ. ಹಲವು ಹಳೆಯ ಲೇಖನಗಳಲ್ಲಿ ಮೂಲ ಚಿತ್ರಗಳೂ ಪುಟವಿನ್ಯಾಸವೂ ಇಲ್ಲದೆ ಅಕ್ಷರಗಳಷ್ಟೇ ಉಳಿದಿವೆ. ಜಾಹೀರಾತುಗಳ ನಡುವೆ ಈ ಬರಹಗಳು ಹೇಗೆ ಕೂತಿದ್ದವೆಂದು ನೋಡಬಯಸುವವರು ಗೂಗಲ್ ಬುಕ್ಸ್‌ನಲ್ಲಿರುವ ಸಂಚಿಕೆಗಳ ಸ್ಕ್ಯಾನ್ ಪ್ರತಿಗಳನ್ನು ಪಕ್ಕದಲ್ಲಿ ತೆರೆದುಕೊಳ್ಳಬಹುದು. ಓದಿಗಷ್ಟೇ ಆದರೆ ಪತ್ರಿಕೆಯ ತಾಣವೇ ಕಣ್ಣಿಗೆ ಹಿತ.