ಸಪ್ತಾಪುರದ ಭಾನುವಾರದ ವಿಶ್ವ ಇತಿಹಾಸ ಬ್ಯಾಚ್: ಸೇರಬಹುದಾ?

ಯುಪಿಎಸ್‌ಸಿ ಮೇನ್ಸ್ ಕನ್ನಡದಲ್ಲೇ ಬರೆಯಬೇಕು ಅಂದುಕೊಂಡವರಿಗೆ ವಿಶ್ವ ಇತಿಹಾಸ ದೊಡ್ಡ ತಲೆನೋವು. ಸಾಮಾನ್ಯ ಅಧ್ಯಯನದ ಮೊದಲ ಪತ್ರಿಕೆಗೆ 18ನೇ ಶತಮಾನದಿಂದ ಈಚಿನದ್ದು ಬರುತ್ತದೆ. ಕೈಗಾರಿಕಾ ಕ್ರಾಂತಿ, ಮಹಾಯುದ್ಧಗಳು, ಗಡಿಗಳ ಬದಲಾವಣೆ, ವಸಾಹತುಗಳ ಬಿಡುಗಡೆ, ಕಮ್ಯುನಿಸಂ, ಎಲ್ಲವೂ. ನನ್ನ ಕೈಗೆ ಸಿಕ್ಕ ಗೈಡುಗಳಲ್ಲಿ ಇದ್ದದ್ದು ಬರೀ ಇಸವಿಗಳು. ಅದಕ್ಕೇ ಧಾರವಾಡದ ಸಪ್ತಾಪುರದ ಒಂದು ಕೋಚಿಂಗ್ ಸೆಂಟರಿನ ಭಾನುವಾರದ ಬ್ಯಾಚ್ ಸೇರಿದೆ. ಫೀಸು 6,500 ರೂಪಾಯಿ. ವಾರವಿಡೀ ತಾಲ್ಲೂಕು ಕಚೇರಿಯಲ್ಲಿ ಕೂರುವ ನನ್ನಂಥವಳಿಗೆ ಭಾನುವಾರ ಬಿಟ್ಟರೆ ಬೇರೆ ದಿನ ಸಿಗುವುದಿಲ್ಲ.

ಫ್ರಾನ್ಸಿನ ಕ್ರಾಂತಿಯ ಪಾಠ ಒಂದರಲ್ಲೇ ಕೊಟ್ಟ ದುಡ್ಡು ವಸೂಲಾಯಿತು. ಎಲ್ಲರೂ ಮಾಡುವ ಹಾಗೆ ಸರ್ 1789ರಲ್ಲಿ ಜನ ಪ್ಯಾರಿಸಿನ ಬ್ಯಾಸ್ಟಿಲ್ ಸೆರೆಮನೆಗೆ ನುಗ್ಗಿದ್ದರಿಂದ ಶುರು ಮಾಡಲಿಲ್ಲ. ಅದರ ಹಿಂದಿನ ವರ್ಷಕ್ಕೆ ಕರೆದುಕೊಂಡು ಹೋದರು. 1788ರ ಜುಲೈ 13ರಂದು ಭಾರೀ ಆಲಿಕಲ್ಲು ಬಿದ್ದು ಫ್ರಾನ್ಸಿನಲ್ಲಿ ಬೆಳೆ ಹಾಳಾಯಿತು. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಸುರಿದ ಹಣದ ಸಾಲ ಬೇರೆ ಇತ್ತು. ಸರ್ಕಾರದ ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ ಸಾಲಕ್ಕೇ ಹೋಗುತ್ತಿತ್ತು. ಆಗಸ್ಟ್ 8ರಂದು ಎಸ್ಟೇಟ್ಸ್ ಜನರಲ್, ಅಂದರೆ ಪಾದ್ರಿಗಳು, ಶ್ರೀಮಂತರು, ಸಾಮಾನ್ಯರು ಮೂರೂ ವರ್ಗದ ಪ್ರತಿನಿಧಿಗಳ ಸಭೆ ಕರೆಯುವುದಾಗಿ ರಾಜ ಹದಿನಾರನೇ ಲೂಯಿಯ ಸರ್ಕಾರ ಘೋಷಿಸಬೇಕಾಯಿತು. ಎರಡು ದಿನ ಬಿಟ್ಟು ವರ್ಸೇಲ್ಸ್ ಅರಮನೆಯಲ್ಲಿ ರಾಜನ ಮುಂದೆ ನಿಂತವರು ಯಾರು ಗೊತ್ತಾ? ಟಿಪ್ಪು ಸುಲ್ತಾನ್ ಕಳಿಸಿದ ದೂತರು. ಇಂಗ್ಲಿಷರ ವಿರುದ್ಧ ಸೈನ್ಯದ ನೆರವು ಕೇಳಲು ಹೋದವರು. "ಖಜಾನಿ ಖಾಲಿ ಐತಿ, ಈಗ ಏನು ಕೊಡತಾನ್ರಿ ಆತ?" ಅಂತ ಸರ್ ಕೇಳಿದರು. ಕ್ಲಾಸಿಗೆ ಕ್ಲಾಸೇ ಸುಮ್ಮನಾಯಿತು. ಟಿಪ್ಪುವಿಗೆ ಬೇಕಾದ ಸೈನ್ಯ ಸಿಗಲಿಲ್ಲ. ಮೈಸೂರು ಯುದ್ಧಗಳನ್ನು ನಾನು ಶಾಲೆಯಿಂದ ಓದಿಕೊಂಡು ಬಂದಿದ್ದೇನೆ. ಇವೆರಡನ್ನೂ ಯಾರೂ ಹೀಗೆ ಪಕ್ಕಪಕ್ಕ ಇಟ್ಟು ತೋರಿಸಿರಲಿಲ್ಲ.

ಸರ್ ಪ್ರತಿ ಕ್ರಾಂತಿಗೂ ಮೂರು ವಿಷಯ ಹುಡುಕಿಸುತ್ತಾರೆ. ಖಜಾನೆಯಲ್ಲಿ ಹಣ ಇತ್ತಾ, ಜನರಿಗೆ ರೊಟ್ಟಿ ಇತ್ತಾ, ಸೈನಿಕ ಯಾರ ಕಡೆ ನಿಂತ. ಮೂರನೆಯದು ನನಗೆ ಹೊಸದು. 1905ರ ಜನವರಿಯಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮನವಿ ಹಿಡಿದು ಬಂದ ಕೂಲಿಕಾರರ ಮೇಲೆ ಸೈನಿಕರು ಗುಂಡು ಹಾರಿಸಿದರು, ಅಲ್ಲಿನ ದೊರೆ ಜಾರ್ ಉಳಿದುಕೊಂಡ. 1917ರ ಮಾರ್ಚ್ 8ರಂದು ಅದೇ ಊರಿನಲ್ಲಿ ಜವಳಿ ಗಿರಣಿಯ ಹೆಂಗಸರು ರೊಟ್ಟಿ ಕೇಳಿ ಬೀದಿಗೆ ಇಳಿದರು. ಕೆಲವೇ ದಿನಗಳಲ್ಲಿ ಅಲ್ಲಿನ ಪಡೆಗಳೇ ತಿರುಗಿಬಿದ್ದವು, ಮಾರ್ಚ್ 15ಕ್ಕೆ ಜಾರ್ ಪಟ್ಟ ಬಿಟ್ಟ. ಇರಾನಿನಲ್ಲೂ 1979ರ ಫೆಬ್ರವರಿ 11ರಂದು ಸೇನೆ ತಾನು ತಟಸ್ಥ ಅಂದ ಮೇಲೆ ಅಲ್ಲಿನ ದೊರೆ ಶಾ ನೇಮಿಸಿದ್ದ ಪ್ರಧಾನಿ ಬಖ್ತಿಯಾರ್ ಸರ್ಕಾರ ಬಿತ್ತು. ಇಸವಿ ಮರೆತರೂ ಈ ಮೂರು ಪ್ರಶ್ನೆ ಹಿಡಿದು ಉತ್ತರ ಕಟ್ಟಬಹುದು.

ಟೆಸ್ಟ್ ಪೇಪರ್ ತಿದ್ದುವುದೂ ಚೆನ್ನಾಗಿದೆ. 15 ಅಂಕದ ಪ್ರಶ್ನೆಗೆ 250 ಪದದಲ್ಲಿ ಬರೆಯಬೇಕು ಅಲ್ವಾ, ಎಲ್ಲಿ ಸುಮ್ನೆ ಉದ್ದ ಮಾಡಿದ್ದೇವೆ ಅಂತ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕೊಡುತ್ತಾರೆ.

ಬೇಸರದ ವಿಷಯ ಎಂದರೆ ನಕ್ಷೆ. ಗೋಡೆಯ ಮೇಲೂ ಇಲ್ಲ, ನೋಟ್ಸ್‌ನಲ್ಲೂ ಇಲ್ಲ. ಮೊದಲನೇ ಮಹಾಯುದ್ಧದ ನಂತರ ಆಸ್ಟ್ರಿಯಾ-ಹಂಗೇರಿ ಒಡೆದು ಯಾವ ಯಾವ ದೇಶ ಹುಟ್ಟಿತು ಅನ್ನುವುದನ್ನು ನಕ್ಷೆ ಇಲ್ಲದೆ ಬಾಯಲ್ಲಿ ಹೇಳಿದರೆ ಯಾರಿಗೆ ತಲೆಗೆ ಹೋಗುತ್ತದೆ? 1945ರ ನಂತರದ್ದನ್ನು ಓಡಿಸಿಬಿಡುತ್ತಾರೆ. ಅಲ್ಜೀರಿಯಾ ಸ್ವಾತಂತ್ರ್ಯಕ್ಕಾಗಿ ಫ್ರಾನ್ಸ್ ವಿರುದ್ಧ 1954ರಿಂದ 1962ರವರೆಗೆ ಹೋರಾಡಿತು, ಪಾಠದಲ್ಲಿ ಅದಕ್ಕೆ ಸಿಕ್ಕಿದ್ದು ನಾಲ್ಕು ಸಾಲು.

ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ಹೈಟಿಯ ವಿಷಯದಲ್ಲಿ. ಫ್ರಾನ್ಸಿನ ವಸಾಹತಾಗಿದ್ದ ಈ ಕೆರಿಬಿಯನ್ ನಾಡಿನಲ್ಲಿ ಗುಲಾಮರೇ 1791ರಲ್ಲಿ ಎದ್ದು, ನೆಪೋಲಿಯನ್ ಕಳಿಸಿದ ಸೈನ್ಯವನ್ನೂ ಸೋಲಿಸಿ, 1804ರ ಜನವರಿ 1ರಂದು ಸ್ವತಂತ್ರ ದೇಶ ಕಟ್ಟಿದರು. ಆಮೇಲೆ 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಕಳಿಸಿ ಆ ಬಡ ದೇಶದಿಂದಲೇ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು! ತೋಟ ಮತ್ತು ಗುಲಾಮರನ್ನು ಕಳೆದುಕೊಂಡ ಮಾಲೀಕರಿಗಂತೆ. ಸಮಾನತೆ ಅಂತ ಕೂಗಿದ ದೇಶದ ಪಾಠ ಓದುವಾಗ ಇದನ್ನೂ ಓದಲೇಬೇಕು. ಕ್ಲಾಸಿನಲ್ಲಿ ಬರೀ ಹೆಸರು ಬಂದು ಹೋಯಿತು. ಕೇಳಿದ್ದಕ್ಕೆ "ಪರೀಕ್ಷೆಗೆ ಬರೋದು ಕಡಿಮಿ" ಅಂದರು. ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ.

ಶಾಲೆಯ ಇತಿಹಾಸದ ಪುಸ್ತಕಗಳನ್ನು ಒಮ್ಮೆಯಾದರೂ ಓದಿಕೊಂಡವರು ಧೈರ್ಯವಾಗಿ ಸೇರಿ. ಪರೀಕ್ಷೆ ಹತ್ತಿರ ಬಂದಿದೆ, ಬೇಗ ಒಂದು ಸುತ್ತು ಮುಗಿಸಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ. ಹೋಗುವಾಗ ಒಂದು ಅಟ್ಲಾಸ್ ಒಯ್ಯಿರಿ. ಹಿಂದಿನ ಬೆಂಚುಗಳಿಗೆ ಸರ್ ಧ್ವನಿ ಸರಿಯಾಗಿ ಕೇಳುವುದಿಲ್ಲ, ಒಂಬತ್ತೂವರೆಯ ಒಳಗೆ ಹೋದರೆ ಮುಂದೆ ಜಾಗ ಸಿಗುತ್ತದೆ.