ಜಿಟಿಎ 4ರ ಎರಡು ಎಪಿಸೋಡ್‌ಗಳು: 360ರಲ್ಲಿ ಇಂದಿಗೂ ಆಡುವವರಿಗೆ

ಜಿಟಿಎ 4 (ಗ್ರ್ಯಾಂಡ್ ಥೆಫ್ಟ್ ಆಟೋ 4) ಗೇಮ್ ಬಂದದ್ದು 2008ರ ಏಪ್ರಿಲ್‌ನಲ್ಲಿ, ಎಕ್ಸ್‌ಬಾಕ್ಸ್ 360 ಮತ್ತು ಪಿಎಸ್3 ಕನ್ಸೋಲ್ ಎರಡಕ್ಕೂ ಒಂದೇ ದಿನ. ಅದಕ್ಕೆ ಆಮೇಲೆ ಸೇರಿದ ಎರಡು ಹೆಚ್ಚುವರಿ ಕಥೆಗಳು, ಅಂದರೆ ಎಪಿಸೋಡ್‌ಗಳು, ಮಾತ್ರ ಮೊದಲು 360ರವರ ಪಾಲಾದವು. ಅದಕ್ಕಾಗಿ 360ರ ತಯಾರಕ ಮೈಕ್ರೋಸಾಫ್ಟ್ 5 ಕೋಟಿ ಡಾಲರ್ ಕೊಟ್ಟಿತ್ತು. 'ದ ಲಾಸ್ಟ್ ಅಂಡ್ ಡ್ಯಾಮ್ಡ್' 2009ರ ಫೆಬ್ರವರಿ 17ಕ್ಕೆ ಬಂತು, 'ದ ಬ್ಯಾಲಡ್ ಆಫ್ ಗೇ ಟೋನಿ' ಅದೇ ವರ್ಷದ ಅಕ್ಟೋಬರ್ 29ಕ್ಕೆ. ಪಿಎಸ್3, ಪಿಸಿಯವರು 2010ರ ಏಪ್ರಿಲ್‌ವರೆಗೆ ಕಾದರು. ಬೆಲೆ ಆಗ ತಲಾ 1600 ಪಾಯಿಂಟ್ (360ರ ಅಂಗಡಿಯ ಆಗಿನ ನಾಣ್ಯ), ಅಂದರೆ 20 ಡಾಲರ್; ಆ ದುಡ್ಡಿಗೆ ಮೋಸವಿರಲಿಲ್ಲ.

ಮೂಲ ಗೇಮಿನ ದೊಡ್ಡ ತಲೆನೋವು, ಮಿಷನ್ ಕೊನೆಯಲ್ಲಿ ಸತ್ತರೆ ಮತ್ತೆ ಮೊದಲಿಂದ ಶುರು ಮಾಡಬೇಕಾದದ್ದು. ಲಾಸ್ಟ್‌ನಲ್ಲಿ ನಡುವೆ ಚೆಕ್‌ಪಾಯಿಂಟ್ (ಸತ್ತರೆ ಅಲ್ಲಿಂದಲೇ ಮುಂದುವರಿಯುವ ಜಾಗ) ಬಂತು, ಅದೊಂದೇ ಸಾಕು. ಬೈಕ್ ಹಿಡಿತವೂ ಬದಲಾಗಿದೆ: ಈ ಕಥೆಯ ನಾಯಕ, ಬೈಕ್ ಕ್ಲಬ್ ಗ್ಯಾಂಗಿನ ಜಾನಿ, ಸಣ್ಣ ಡಿಕ್ಕಿಗೆಲ್ಲ ಹಾರಿ ಬೀಳುವುದಿಲ್ಲ. ಗ್ಯಾಂಗ್ ಜೊತೆ ಹೋಗುವಾಗ ರಸ್ತೆ ಮೇಲೆ ಕ್ಲಬ್‌ನ ಲಾಂಛನ ಕಾಣುತ್ತದೆ. ಚಕ್ರವನ್ನು ಅದರ ಮೇಲೆಯೇ ಇಟ್ಟು ಸಾಗಿದರೆ ಹೆಲ್ತ್ ಮತ್ತೆ ತುಂಬುತ್ತದೆ, ಜಖಂ ಆದ ಬೈಕೂ ಸರಿಯಾಗುತ್ತದೆ. ಹಲವರು ಇದನ್ನು ಬಿಟ್ಟು ಮುಂದೆ ನುಗ್ಗಿ, ಗುಂಡಿನ ಕಾಳಗಕ್ಕೆ ಅರೆಜೀವದಲ್ಲಿ ಹೋಗುತ್ತಾರೆ. ಜೊತೆಗಾರರನ್ನೂ ಉಳಿಸಿಕೊಳ್ಳಿ, ಬದುಕಿ ಬಂದಷ್ಟೂ ಅವರು ಗಟ್ಟಿಯಾಗುತ್ತಾರೆ. ಚಿತ್ರದ ಮೇಲೆ ಮಣ್ಣು ಎರಚಿದಂತಿರುವ ಗ್ರೇನ್ ಕಣ್ಣಿಗೆ ಹಿಂಸೆಯಾದರೆ ಡಿಸ್‌ಪ್ಲೇ ಮೆನುವಿನಲ್ಲಿ ಆಫ್ ಮಾಡಬಹುದು.

ಮಿಷನ್‌ಗಳ ವೈವಿಧ್ಯಕ್ಕೆ ಬ್ಯಾಲಡ್ ಮೇಲು. ಪ್ಯಾರಾಶೂಟ್, ಸ್ಟಿಕ್ಕಿ ಬಾಂಬ್, ಬಝರ್ಡ್ ಹೆಲಿಕಾಪ್ಟರ್ ಎಲ್ಲ ಇಲ್ಲೇ. ಪ್ರತಿ ಮಿಷನ್‌ಗೂ ಶೇಕಡಾ ಲೆಕ್ಕದಲ್ಲಿ ಅಂಕ, ಕಥೆ ಮುಗಿದ ಮೇಲೆ ಫೋನ್‌ನಿಂದಲೇ ಬೇಕಾದ ಮಿಷನ್ ಮತ್ತೆ ಆಡುವ ಸೌಲಭ್ಯ. ಎಲ್ಲದರಲ್ಲೂ 100 ಗಳಿಸುವವರು ಮೊದಲ ಸಲ ಕಥೆ ಸುಮ್ಮನೆ ಮುಗಿಸಿ. ಯಾವುದಕ್ಕೆ ಅಂಕ ಹೋಯಿತೆಂದು ಮಿಷನ್ ಕೊನೆಯ ಪಟ್ಟಿಯಲ್ಲೇ ಕಾಣುತ್ತದೆ.

ಮೂರೂ ಕಥೆಗಳಲ್ಲಿ ಬರುವ ಮ್ಯೂಸಿಯಂನ ವಜ್ರದ ವ್ಯವಹಾರವಂತೂ ಅದ್ಭುತ. ಮೂಲ ಗೇಮಿನ ನಾಯಕ ನಿಕೋ, ಲಾಸ್ಟ್‌ನ ಜಾನಿ ಇಬ್ಬರೂ ಅಲ್ಲಿ ವ್ಯವಹಾರಕ್ಕೆ ನಿಂತವರು. ಅದನ್ನು ಕೆಡಿಸಲು ನುಗ್ಗುವವನು ಬ್ಯಾಲಡ್‌ನ ನಾಯಕ ಲೂಯಿಸ್. ಒಂದೇ ಘಟನೆ, ಮೂರು ಕಡೆಯಿಂದ. ಮೂರನ್ನೂ ಬಂದ ಕ್ರಮದಲ್ಲೇ ಆಡಿ, ಇಲ್ಲದಿದ್ದರೆ ಇದರ ರುಚಿ ಸಿಗದು.

ಈಗ ಹಳೇ ಕನ್ಸೋಲ್‌ನ ಗೋಳು. ಡೌನ್‌ಲೋಡ್ ಎಪಿಸೋಡ್ ನಡೆಯಲು ಮೂಲ ಗೇಮ್ ಬೇಕೇ ಬೇಕು. ಲೈಸೆನ್ಸ್, ಅಂದರೆ ಆಡುವ ಹಕ್ಕು, ಎರಡು ಕಡೆ ಕಟ್ಟಿರುತ್ತದೆ: ಡೌನ್‌ಲೋಡ್ ಮಾಡಿದ ಕನ್ಸೋಲ್‌ಗೆ, ಕೊಂಡ ಪ್ರೊಫೈಲ್‌ಗೆ. ಹಾರ್ಡ್ ಡಿಸ್ಕ್ ತೆಗೆದು ಬೇರೆ 360ಕ್ಕೆ ಹಾಕಿದರೆ ಫೈಲ್ ಇರುತ್ತದೆ, ಎಪಿಸೋಡ್ ತೆರೆಯುವುದಿಲ್ಲ. ಕೊಂಡ ಪ್ರೊಫೈಲ್‌ನಲ್ಲೇ ಆನ್‌ಲೈನ್ ಸೈನ್ ಇನ್ ಆದರೆ ತೆರೆಯುತ್ತದೆ. ಫೈಲ್ ಕೆಟ್ಟಿದ್ದರೆ ಸೆಟ್ಟಿಂಗ್ಸ್, ಅಕೌಂಟ್, ಡೌನ್‌ಲೋಡ್ ಹಿಸ್ಟರಿ ಹಾದಿಯಲ್ಲಿ ಮತ್ತೆ ಇಳಿಸಿಕೊಳ್ಳಿ. 4 ಜಿಬಿ ಮಾಡೆಲ್‌ನಲ್ಲಿ ಎರಡೂ ಹಿಡಿಸುವುದು ಕಷ್ಟ, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿಕೊಳ್ಳಿ. ಅಪ್‌ಡೇಟ್ ನಂತರ ಗೇಮ್ ತಡವರಿಸಿದರೆ ಸ್ಟೋರೇಜ್‌ನಲ್ಲಿ ವೈ ಗುಂಡಿ ಒತ್ತಿ ಸಿಸ್ಟಮ್ ಕ್ಯಾಶ್ (ತಾತ್ಕಾಲಿಕ ಫೈಲ್‌ಗಳು) ಅಳಿಸಿ. ಸೇವ್, ಎಪಿಸೋಡ್ ಹಾಗೇ ಉಳಿಯುತ್ತವೆ, ಅಪ್‌ಡೇಟ್ ಮಾತ್ರ ಮತ್ತೆ ಕೇಳುತ್ತದೆ.

360ರ ಅಂಗಡಿ 2024ರ ಜುಲೈ 29ಕ್ಕೆ ಮುಚ್ಚಿತು, ಅಲ್ಲಿ ಹೊಸದಾಗಿ ಕೊಳ್ಳಲಾಗದು. ಹೀಗಾಗಿ ಈಗ ಶುರು ಮಾಡುವವರು 'ಎಪಿಸೋಡ್ಸ್ ಫ್ರಂ ಲಿಬರ್ಟಿ ಸಿಟಿ' ಡಿಸ್ಕ್ ಹುಡುಕಿ. ಎರಡೂ ಕಥೆ ಒಂದರಲ್ಲೇ ಇವೆ, ಮೂಲ ಗೇಮ್ ಬೇಕಿಲ್ಲ, ಲೈಸೆನ್ಸ್ ರಗಳೆಯೂ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಡಿಸ್ಕಿನ ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡಿ: 360 ಚಾಲನೆಯಲ್ಲಿರುವಾಗ ಅಲುಗಾಡಿಸಿದರೆ ದುಂಡಗೆ ಆಳವಾದ ಗೀರು ಬೀಳುತ್ತದೆ, ಅಂಥದ್ದು ಬೇಡ.